ಸಹಾಯ ಬೇಕು: ಟ್ಯೂಬುಲರ್ ಬ್ಯಾಟರಿಗೆ ಈಕ್ವಲೈಸೇಷನ್ ಚಾರ್ಜ್ ಮಾಡಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಸಿಂಧನೂರು ಹತ್ತಿರದ ಹಳ್ಳಿ. ಹೊಲದ ಮನೆಗೆ ಸೋಲಾರ್ ಹಾಕಿಸಿ ನಾಲ್ಕು ವರ್ಷ ಆಯ್ತು, 12 ವೋಲ್ಟ್‌ನ ನಾಲ್ಕು ಟ್ಯೂಬುಲರ್ ಬ್ಯಾಟರಿ ಸೀರೀಸ್‌ನಲ್ಲಿವೆ, ಅಂದರೆ ಒಂದರ ಹಿಂದೆ ಒಂದು ಜೋಡಿಸಿ ಒಟ್ಟು 48 ವೋಲ್ಟ್. ಮೊದಲು ರಾತ್ರಿಯಿಡೀ ಎರಡು ಫ್ಯಾನ್ ತಿರುಗುತ್ತಿದ್ದವು, ಈಗ ನಡುರಾತ್ರಿಗೇ ಇನ್ವರ್ಟರ್ ಕೂಗಿಕೊಳ್ಳುತ್ತದೆ, ಈ ಸೆಕೆಯಲ್ಲಿ ಅಪ್ಪನಿಗೆ ನಿದ್ದೆಯೇ ಇಲ್ಲ.

ನಿನ್ನೆ ಪೂರ್ತಿ ಚಾರ್ಜ್ ಆದಮೇಲೆ ಒಂದೊಂದೇ ಮುಚ್ಚಳ ತೆಗೆದು ಆಸಿಡ್ ಎಷ್ಟು ಗಟ್ಟಿ ಇದೆ ಅಂತ ತೋರಿಸುವ ಹೈಡ್ರೋಮೀಟರ್ ಇಟ್ಟು ನೋಡಿದೆ. ಮೂರು ಬ್ಯಾಟರಿಯಲ್ಲಿ 1.230 ಆಸುಪಾಸು. ನಾಲ್ಕನೆಯದರಲ್ಲಿ ಎರಡು ಸೆಲ್ (ಬ್ಯಾಟರಿಯೊಳಗಿನ ಖಾನೆ) ಮಾತ್ರ 1.180, ಫ್ಲೋಟ್ ಅಷ್ಟು ಕೆಳಗೆ ಮುಳುಗಿತು. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ನೀರು ಹಾಕಿಯೇ ಇಲ್ಲ. ಅಂಗಡಿಯವರು ನಾಲ್ಕನ್ನೂ ಬದಲಾಯಿಸಿ ಅಂತಾರೆ. ಭತ್ತ ಮಾರುವವರೆಗೆ ಅಷ್ಟು ದುಡ್ಡಿಲ್ಲ.

ಈಕ್ವಲೈಸೇಷನ್ ಅಂದರೆ ಬೇಕೆಂದೇ ಸ್ವಲ್ಪ ಹೊತ್ತು ಜಾಸ್ತಿ ವೋಲ್ಟೇಜ್ ಕೊಡೋದು; ಹಾಗೆ ಕೊಟ್ಟರೆ ಪ್ಲೇಟ್ ಮೇಲೆ ಕೂತ ಸಲ್ಫೇಟ್ ಕರಗುತ್ತದೆ, ತಳದಲ್ಲಿ ನಿಂತ ಗಟ್ಟಿ ಆಸಿಡ್ ಗುಳ್ಳೆ ಎದ್ದು ಕಲಸಿಕೊಳ್ಳುತ್ತದೆ, ಹಿಂದುಳಿದ ಸೆಲ್ ಉಳಿದವುಗಳ ಸಮಕ್ಕೆ ಬರುತ್ತದೆ, ಅಲ್ವಾ? ಸೀಲ್ ಬ್ಯಾಟರಿಗೆ ಇದು ಮಾಡಬಾರದು ಅಂತ ಗೊತ್ತು, ನಮ್ಮದು ನೀರು ಹಾಕೋ ಬ್ಯಾಟರಿ. ಹೈಡ್ರೋಜನ್ ಬರುತ್ತದೆ ಅಂತ ಕಿಟಕಿ ತೆಗೆದಿಟ್ಟು ದೇವರ ದೀಪವನ್ನೂ ಬೇರೆ ಕೋಣೆಗೆ ಒಯ್ದಿದ್ದೇನೆ.

ನನ್ನ ಚಾರ್ಜರ್‌ನಲ್ಲಿ 62 ವೋಲ್ಟ್‌ವರೆಗೆ ಇಡಬಹುದು. ಆದರೆ ನಮ್ಮ ರಾಯಚೂರು ಬಿಸಿಲಿಗೆ ಬ್ಯಾಟರಿ ಮುಟ್ಟಿದರೇ ಬೆಚ್ಚಗಿರುತ್ತದೆ, ಎಷ್ಟಕ್ಕೆ ಇಳಿಸಬೇಕು? ನಾಲ್ಕಕ್ಕೂ ಒಟ್ಟಿಗೆ ಮಾಡಬೇಕಾ, ಸೊರಗಿದ ಒಂದನ್ನೇ ಬಿಡಿಸಿ ಮಾಡಬೇಕಾ? ಹೈಡ್ರೋಮೀಟರ್ ರೀಡಿಂಗ್ ಏರೋದು ನಿಂತ ಕೂಡಲೇ ನಿಲ್ಲಿಸಿದರೆ ಸಾಕಾ? ಸ್ವತಃ ಮಾಡಿ ನೋಡಿದವರು ದಯವಿಟ್ಟು ಹೇಳಿ, ಭಾನುವಾರ ಮಾಡಬೇಕು ಅಂತಿದ್ದೇನೆ.