ಸಹಾಯ ಬೇಕು: ಅಕ್ಕ ಖಿನ್ನತೆಯ ಮಾತ್ರೆ ಬಿಡುತ್ತೇನೆ ಅನ್ನುತ್ತಿದ್ದಾಳೆ

ಎಲ್ಲರಿಗೂ ನಮಸ್ಕಾರ. ಅಕ್ಕನಿಗೆ ಡಾಕ್ಟರ್ ಖಿನ್ನತೆಗೆ ಸರ್ಟ್ರಾಲಿನ್ ಬರೆದುಕೊಟ್ಟಿದ್ದಾರೆ. ಈಗಷ್ಟೇ ಶುರುವಾಗಿದೆ. ವಾಕರಿಕೆ ಜಾಸ್ತಿ, ನಿದ್ದೆ ಕಮ್ಮಿ, ಮನಸ್ಸು ಮಾತ್ರ ಇನ್ನೂ ಹಗುರವಾಗಿಲ್ಲ. ಅದಕ್ಕೇ ಬಿಡುತ್ತೇನೆ ಅನ್ನುತ್ತಿದ್ದಾಳೆ. ಗುಣ ಕಾಣಲು 2ರಿಂದ 4 ವಾರ, ಕೆಲವರಿಗೆ ಇನ್ನೂ ಜಾಸ್ತಿ ಬೇಕು, ಒಮ್ಮೆಲೇ ನಿಲ್ಲಿಸಬಾರದು ಅಂತ ಡಾಕ್ಟರ್ ಮೊದಲೇ ಹೇಳಿದ್ದಾರೆ. ಆದರೆ ಕಷ್ಟಪಡುತ್ತಿರುವವಳಿಗೆ ಸುಮ್ನೆ ತಾಳಿಕೋ ಅನ್ನುವುದು ಹೇಗೆ?

ಈ ಹಂತ ದಾಟಿದವರು ಇದ್ದೀರಾ? ಊಟದ ಜೊತೆ ತೆಗೆದುಕೊಂಡಾಗ ವಾಕರಿಕೆ ಕಮ್ಮಿಯಾಯಿತಾ? ರಾತ್ರಿ ಬದಲು ಬೆಳಿಗ್ಗೆ ತೆಗೆದುಕೊಂಡು ನಿದ್ದೆ ಸುಧಾರಿಸಿತಾ?

ಮಂಡಿನೋವಿಗೆ ಅವಳು ಐಬುಪ್ರೊಫೆನ್ ನುಂಗುತ್ತಿದ್ದಳು. ಎರಡೂ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚಂತೆ, ಡಾಕ್ಟರನ್ನು ಕೇಳುವವರೆಗೂ ಅದು ಬೇಡ ಅಂದಿದ್ದೇನೆ. ಡೋಸ್ ವಿಚಾರವನ್ನೂ ಅವರಿಗೇ ಬಿಡುತ್ತೇವೆ. ನಿಮ್ಮ ಅನುಭವ ಹೇಳಿ, ಅವಳಿಗೆ ಓದಿ ಹೇಳುತ್ತೇನೆ.