2 ಟನ್ ಹೊಟ್ಟಿನ ಬಾಯ್ಲರ್: ಎಕನಾಮೈಸರ್ ಹಾಕಿಸಬೇಕೋ, ಮೊದಲು ಬೇರೆ ಕಡೆ ಕೈ ಹಾಕಬೇಕೋ?

ಕಾರಟಗಿ_ಮಿಲ್

ಭತ್ತದ ಮಿಲ್‌ನಲ್ಲಿ ಗಂಟೆಗೆ 2 ಟನ್‌ನ ಹೊಟ್ಟಿನ ಬಾಯ್ಲರ್ ಇದೆ. ಮೂರು ಪಾಸ್ ಸ್ಮೋಕ್ ಟ್ಯೂಬ್ (ಹೊಗೆ ನೀರಿನ ನಡುವಿನ ಟ್ಯೂಬ್‌ಗಳಲ್ಲಿ ಮೂರು ಸಲ ಹಾದು ಹೋಗುವ ಬಗೆ), ಹೊರಗೆ ಇಟ್ಟಿಗೆಯ ಫರ್ನೇಸ್, ಫಿಕ್ಸೆಡ್ ಗ್ರೇಟ್ (ಹೊಟ್ಟು ಉರಿಯುವ, ಕದಲದ ಜಾಲರಿ). ಡಿಸೈನ್ ಒತ್ತಡ ಚದರ ಸೆಂಮೀಗೆ 10.54 ಕೆಜಿ, ನಡೆಸುವುದು 7 ಕೆಜಿಯಲ್ಲಿ. ಸ್ಟೀಮ್ ಒಂದು ಕಡೆ ಭತ್ತ ಬೇಯಿಸುವ ಟ್ಯಾಂಕ್‌ಗಳಿಗೆ ನೇರವಾಗಿ ಹೋಗುತ್ತದೆ, ಇನ್ನೊಂದು ಕಡೆ ಡ್ರೈಯರ್‌ನ ಫಿನ್ ಕಾಯಿಲ್‌ಗಳಿಗೆ. ಡ್ರೈಯರ್ ಪಾಲು ಸುಮಾರು ಶೇ. 60. ಅದರ ಕಂಡೆನ್ಸೇಟ್ (ತಣಿದು ಮತ್ತೆ ನೀರಾದ ಸ್ಟೀಮ್) ಸದ್ಯ ಚರಂಡಿ ಪಾಲು.

10 ಗಂಟೆಯ ಲೆಕ್ಕ: ತೂಕ ಹಾಕಿದ ಹೊಟ್ಟು 4,200 ಕೆಜಿ, ಫೀಡ್ ನೀರಿನ (ಬಾಯ್ಲರ್‌ಗೆ ಹೋಗುವ ನೀರು) ಮೀಟರ್ 13,000 ಲೀಟರ್. ಅಂದರೆ ಕೆಜಿ ಹೊಟ್ಟಿಗೆ 3.1 ಕೆಜಿ ಸ್ಟೀಮ್. ಫೀಡ್ ನೀರು 32 ಡಿಗ್ರಿ. ಚಿಮಣಿಯಲ್ಲಿ 265 ಡಿಗ್ರಿ, ಆಮ್ಲಜನಕ ಶೇ. 13. ಬೋರ್ ನೀರು ಸಾಫ್ಟನರ್ ದಾಟಿದ ಮೇಲೆ ಗಡಸುತನ 5 ಪಿಪಿಎಂ ಒಳಗೆ, ಟಿಡಿಎಸ್ (ಕರಗಿರುವ ಉಪ್ಪಿನ ಅಂಶ) 900. ಬಾಯ್ಲರ್ ಒಳಗಿನ ನೀರು 3,500 ಆಸುಪಾಸು. ಬೂದಿ ಕಪ್ಪಗೇ ಬೀಳುತ್ತದೆ. ಮೂರು ಟ್ಯಾಂಕ್‌ಗೆ ಒಟ್ಟಿಗೆ ವಾಲ್ವ್ ಬಿಟ್ಟರೆ ಒತ್ತಡ 4 ಕೆಜಿಗೆ ಕುಸಿಯುತ್ತದೆ.

ಎಕನಾಮೈಸರ್ (ಹೊರಹೋಗುವ ಹೊಗೆಯ ಶಾಖದಿಂದ ಫೀಡ್ ನೀರು ಕಾಯಿಸುವ ಸಾಧನ) ಹಾಕಿದರೆ ಹೊಗೆ 80 ಡಿಗ್ರಿ ಇಳಿದು ದಕ್ಷತೆ 7ರಿಂದ 8 ಪಾಯಿಂಟ್ ಏರುತ್ತದೆ ಎಂದು ಕೊಟೇಶನ್ ಕೊಟ್ಟವರು ಹೇಳುತ್ತಾರೆ. ಲೆಕ್ಕ ಸರಿಯೇ? ಉಳಿದ ಹೊಟ್ಟನ್ನು ಮಾರಬಹುದು, ಹಾಗಾಗಿ ಪ್ರತಿ ಟನ್ನೂ ಮುಖ್ಯ.

ಹೊಗೆ_ಲೆಕ್ಕ

ಅವರ ಲೆಕ್ಕ ಸರಿಯಾಗಿಯೇ ಇದೆ, ಆದರೆ ಅದು ನಿಂತಿರುವುದು ನಿಮ್ಮ ಬಾಯ್ಲರ್‌ನ ಇವತ್ತಿನ ಕೆಟ್ಟ ಸ್ಥಿತಿಯ ಮೇಲೆ. ಆ ಸ್ಥಿತಿ ಸರಿಪಡಿಸಿದ ದಿನ ಎಕನಾಮೈಸರ್‌ನ ಲಾಭ ಅರ್ಧಕ್ಕೆ ಇಳಿಯುತ್ತದೆ.

1 ಕೆಜಿ ಹೊಟ್ಟು ಉರಿಯಲು ಬೇಕಾದ ಗಾಳಿ ಸುಮಾರು 4.6 ಕೆಜಿ. ಹೆಚ್ಚುವರಿ ಗಾಳಿ ತಿಳಿಯಲು ಆಮ್ಲಜನಕದ ಅಂಕಿಯನ್ನು 21ರಲ್ಲಿ ಕಳೆದು, ಉಳಿದದ್ದರಿಂದ ಅದೇ ಅಂಕಿಯನ್ನು ಭಾಗಿಸಿ: 13 ÷ 8, ಅಂದರೆ ಶೇ. 162. ಬೇಕಾದದ್ದರ ಎರಡೂವರೆ ಪಟ್ಟಿಗೂ ಹೆಚ್ಚು ಗಾಳಿ ಒಳಗೆ ಬರುತ್ತಿದೆ. ಕೆಜಿ ಹೊಟ್ಟಿಗೆ ಸುಮಾರು 12.5 ಕೆಜಿ ಒಣ ಹೊಗೆ. 12.5 × 0.24 × (265 − 32) ಅಂದರೆ ಸುಮಾರು 700 ಕಿಲೋ ಕ್ಯಾಲರಿ. ಹೊಟ್ಟಿನ ಶಾಖ ಕೆಜಿಗೆ 3,100 ಹಿಡಿದರೆ ಶೇ. 22.5 ಚಿಮಣಿಗೇ ಹೋಯಿತು. ಆಮ್ಲಜನಕವನ್ನು 8ಕ್ಕೆ ತಂದರೆ ಹೊಗೆ 7.8 ಕೆಜಿಗೆ ಇಳಿಯುತ್ತದೆ. ತಾಪ ಅಷ್ಟೇ ಇದ್ದರೂ ನಷ್ಟ ಶೇ. 14. ಎಕನಾಮೈಸರ್‌ಗೆ ಹೇಳಿದ 8 ಪಾಯಿಂಟ್ ಡ್ಯಾಂಪರ್ (ಗಾಳಿಯ ಹರಿವು ಹಿಡಿದಿಡುವ ತಡೆಬಾಗಿಲು) ಮತ್ತು ಗ್ಯಾಸ್ಕೆಟ್‌ನಲ್ಲೇ (ಸಂದು ಮುಚ್ಚುವ ಪಟ್ಟಿ) ಸಿಕ್ಕಿತು. ಆಮೇಲೆ ಟ್ಯೂಬ್ ಶುದ್ಧವಾಗಿ ಹೊಗೆ 230ಕ್ಕೆ ಬಂದರೆ, ಎಕನಾಮೈಸರ್ ಅದನ್ನು 170ಕ್ಕೆ ಇಳಿಸಿ ಕೊಡುವುದು ಮೂರೂವರೆ ಪಾಯಿಂಟ್ ಮಾತ್ರ. 22 ಡಿಗ್ರಿಗೆ ಶೇ. 1 ಎಂಬ ರೂಢಿಯ ಲೆಕ್ಕವೂ ಗಾಳಿ ಹಿಡಿತದಲ್ಲಿರುವ ಬಾಯ್ಲರ್‌ಗೇ ಹೊಂದುವುದು.

ಚಿಮಣಿಯಲ್ಲಿ ಅಳೆದದ್ದು ಮಾತ್ರ ಸಾಲದು. ಬಾಯ್ಲರ್ ದಾಟಿದ ಮೇಲೆ, ಡಸ್ಟ್ ಕಲೆಕ್ಟರ್ ಅಥವಾ ಐಡಿ ಫ್ಯಾನ್ (ಹೊಗೆಯನ್ನು ಚಿಮಣಿಗೆ ಎಳೆಯುವ ಫ್ಯಾನ್) ಹತ್ತಿರ ನುಗ್ಗುವ ಗಾಳಿ ಅಂಕಿ ಕೆಡಿಸುತ್ತದೆ, ಫ್ಯಾನ್‌ನ ಕರೆಂಟ್ ತಿನ್ನುತ್ತದೆ, ಆದರೆ ಬಾಯ್ಲರ್‌ನ ಶಾಖ ಕದಿಯುವುದಿಲ್ಲ. ಅದನ್ನು ಮುಚ್ಚಿದರೆ ಚಿಮಣಿ ತಾಪ ಏರುತ್ತದೆಯೇ ಹೊರತು ಹೊಟ್ಟು ಉಳಿಯುವುದಿಲ್ಲ. ಕೊನೆಯ ಪಾಸ್ ಮುಗಿಯುವ ಸ್ಮೋಕ್ ಬಾಕ್ಸ್‌ನಲ್ಲೇ ತಾಪ ಮತ್ತು ಆಮ್ಲಜನಕ ಎರಡನ್ನೂ ಅಳೆಯಿರಿ.

ಗಾಳಿ ನುಗ್ಗುವ ಜಾಗಗಳು ಹೆಚ್ಚು ಕಡಿಮೆ ಎಲ್ಲ ಮಿಲ್‌ಗಳಲ್ಲೂ ಅವೇ: ಹೊಟ್ಟು ಹಾಕುವ ಬಾಗಿಲು, ಬೂದಿ ಬಾಗಿಲು, ಇಟ್ಟಿಗೆ ಫರ್ನೇಸ್ ಬಾಯ್ಲರ್‌ಗೆ ಸೇರುವ ಸಂದು. ಈ ಸಂದು ಬಿಸಿಯಾದಾಗ ಹಿಗ್ಗಿ, ಆರಿದಾಗ ಬಿರುಕು ಬಿಡುತ್ತದೆ. ಸಿಮೆಂಟ್ ಮೆತ್ತಿದರೆ ವಾರ ನಿಲ್ಲುವುದಿಲ್ಲ. ಸೆರಾಮಿಕ್ ಫೈಬರ್ ಹಗ್ಗ ತುರುಕಿ ಮೇಲೆ ಕ್ಯಾಸ್ಟೇಬಲ್ (ಬಿಸಿ ತಾಳುವ ಗಾರೆ) ಹಾಕಿ. ಐಡಿ ಫ್ಯಾನ್ ಓಡುವಾಗ ಊದುಬತ್ತಿ ಹಿಡಿದು ಪ್ರತಿ ಸಂದಿಯ ಉದ್ದಕ್ಕೂ ಹೋಗಿ, ಹೊಗೆ ಒಳಕ್ಕೆ ಎಳೆದಲ್ಲಿ ಚಾಕ್ ಗುರುತು ಮಾಡಿ.

ಆಮೇಲೆ ಡ್ರಾಫ್ಟ್, ಅಂದರೆ ಫರ್ನೇಸ್ ಒಳಗಿನ ಎಳೆತ. ಫರ್ನೇಸ್‌ಗೆ ಬಣ್ಣದ ನೀರಿನ ಯು ಟ್ಯೂಬ್ ಜೋಡಿಸಿ. ನೀರಿನ ಮಟ್ಟದಲ್ಲಿ ಮೈನಸ್ 2ರಿಂದ 5 ಮಿಮೀ ಸಾಕು. ಬಹಳ ಕಡೆ ಮೈನಸ್ 15 ಇರುತ್ತದೆ, ಯಾಕೆಂದರೆ ಬಾಗಿಲು ತೆಗೆದಾಗ ಮುಖಕ್ಕೆ ಹೊಗೆ ಬಾರದಿರಲಿ ಎಂದು ಫೈರ್‌ಮನ್ ಡ್ಯಾಂಪರ್ ಪೂರ್ತಿ ಬಿಟ್ಟಿರುತ್ತಾನೆ. ಅವನನ್ನು ಬೈದು ಪ್ರಯೋಜನವಿಲ್ಲ, ಹೊಟ್ಟು ಹಾಕುವ ವಿಧಾನ ಬದಲಾಗಬೇಕು: ಅರ್ಧ ಗಂಟೆಗೊಮ್ಮೆ ರಾಶಿ ಸುರಿಯುವ ಬದಲು ಸ್ವಲ್ಪ ಸ್ವಲ್ಪ, ನಿರಂತರ. ಗಾಳಿಯನ್ನು ಒಂದೇ ಸಲ ಕಡಿಮೆ ಮಾಡಬೇಡಿ. ಡ್ಯಾಂಪರ್ ಹತ್ತನೇ ಒಂದು ಭಾಗ ಮುಚ್ಚಿ, 15 ನಿಮಿಷ ಬಿಟ್ಟು ಅಳೆಯಿರಿ. ಕಾರ್ಬನ್ ಮೊನಾಕ್ಸೈಡ್ ದಿಢೀರ್ ಏರಿದ ಕಡೆಯಿಂದ ಒಂದು ಹೆಜ್ಜೆ ಹಿಂದೆ ಬನ್ನಿ. ಆಮ್ಲಜನಕ 7–8 ಸಿಕ್ಕರೆ ಈ ಥರದ ಗ್ರೇಟ್‌ಗೆ ಒಳ್ಳೆಯದೇ.

ಕಪ್ಪು ಬೂದಿಯ ಬೆಲೆಯೂ ಗೊತ್ತಿರಲಿ. ಹೊಟ್ಟಿನಲ್ಲಿ ಶೇ. 20 ಬೂದಿ ಹಿಡಿದು, ಅದರಲ್ಲಿ ಶೇ. 15 ಇಂಗಾಲ ಉಳಿದರೆ ಕೆಜಿ ಹೊಟ್ಟಿಗೆ 285 ಕಿಲೋ ಕ್ಯಾಲರಿ, ಅಂದರೆ ಶೇ. 9 ನಷ್ಟ. ಒಣಗಿಸಿದ 10 ಗ್ರಾಂ ಬೂದಿಯನ್ನು ಮಫಲ್ ಫರ್ನೇಸ್‌ನಲ್ಲಿ ತೂಕ ನಿಲ್ಲುವವರೆಗೆ ಸುಟ್ಟು, ಇಳಿದ ತೂಕ ನೋಡಿ. ಹತ್ತಿರದ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬ್‌ನಲ್ಲಿ ಆಗುವ ಕೆಲಸ.

ಟಿಡಿಎಸ್_900

3.1 ಎಂಬ ಅಂಕಿ ನಂಬಬೇಡಿ. ಮೀಟರ್ ಅಳೆದದ್ದು ನೀರು, ಸ್ಟೀಮ್ ಅಲ್ಲ.

ಉಪ್ಪು ಆವಿಯಾಗುವುದಿಲ್ಲ. 900 ಟಿಡಿಎಸ್ ನೀರು ಒಳಗೆ ಹೋಗಿ ಬಾಯ್ಲರ್ 3,500ರಲ್ಲಿ ನಿಂತಿದೆ ಎಂದರೆ, ಒಳಗೆ ಹೋದ ನೀರಿನಲ್ಲಿ 900 ÷ 3,500, ಅಂದರೆ ಶೇ. 25.7 ನೀರಾಗಿಯೇ ಹೊರಗೆ ಬರುತ್ತಿದೆ. 13,000ದಲ್ಲಿ 3,340 ಲೀಟರ್! ನಿಜವಾದ ಸ್ಟೀಮ್ ಸುಮಾರು 9,660 ಕೆಜಿ, ಕೆಜಿ ಹೊಟ್ಟಿಗೆ 2.3. 7 ಕೆಜಿ ಒತ್ತಡದ ಸ್ಟೀಮ್‌ಗೆ 661 ಕಿಲೋ ಕ್ಯಾಲರಿ, ಅದರಲ್ಲಿ ಫೀಡ್‌ನ 32 ಕಳೆದರೆ 629. ಉಪಯೋಗಕ್ಕೆ ಬಂದ ಶಾಖ ಶೇ. 47 ಆಯಿತು, 3.1 ಹಿಡಿದರೆ ಬರುವ 63 ಅಲ್ಲ.

ಅಷ್ಟು ಬ್ಲೋಡೌನ್ (ಉಪ್ಪು ಹೆಚ್ಚದಂತೆ ಬಾಯ್ಲರ್‌ನಿಂದ ಹೊರಬಿಡುವ ನೀರು) ನಾವು ಬಿಡುವುದೇ ಇಲ್ಲ ಎನ್ನುತ್ತೀರೇನೋ. ಹಾಗಿದ್ದರೆ ಉಳಿದಿರುವುದು ಎರಡೇ ದಾರಿ. ಒಂದು, ಬ್ಲೋಡೌನ್ ವಾಲ್ವ್ ಸೋರುತ್ತಿದೆ: ಮುಚ್ಚಿ ಅರ್ಧ ಗಂಟೆಯಾದ ಮೇಲೂ ಅದರಾಚೆಯ ಪೈಪ್ ಸುಡುತ್ತಿದ್ದರೆ ಸಂಶಯವೇ ಬೇಡ. ಇನ್ನೊಂದು, ನೀರು ಸ್ಟೀಮ್ ಜೊತೆ ಹಾರಿ ಹೋಗುತ್ತಿದೆ. ಮೂರು ಟ್ಯಾಂಕ್ ಒಟ್ಟಿಗೆ ಬಿಟ್ಟು 7ರಿಂದ 4 ಕೆಜಿಗೆ ಬಿದ್ದಾಗ ಬಾಯ್ಲರ್ ನೀರು ಉಕ್ಕುತ್ತದೆ, ಗೇಜ್ ಗ್ಲಾಸ್‌ನಲ್ಲಿ ಮಟ್ಟ ಮೇಲೆ ಹಾರುತ್ತದೆ, ಉಪ್ಪುನೀರು ಭತ್ತಕ್ಕೂ ಕಾಯಿಲ್‌ಗೂ ಹೋಗುತ್ತದೆ. ಡ್ರೈಯರ್ ಕಂಡೆನ್ಸೇಟ್‌ನ ಟಿಡಿಎಸ್ ನೋಡಿ. 20–30 ಇದ್ದರೆ ಪರವಾಗಿಲ್ಲ, 200 ದಾಟಿದರೆ ನೀರು ಹಾರುತ್ತಿದೆ. ಟ್ಯಾಂಕ್‌ಗಳ ನಡುವೆ 10 ನಿಮಿಷ ಅಂತರ ಕೊಡಿ, ವಾಲ್ವ್ ನಿಧಾನಕ್ಕೆ ತೆರೆಯಿರಿ.

ಸಾಫ್ಟನರ್ ಗಡಸುತನ ತೆಗೆಯುತ್ತದೆ, ಟಿಡಿಎಸ್ ಕಡಿಮೆ ಮಾಡುವುದಿಲ್ಲ. ಕ್ಯಾಲ್ಸಿಯಂ ಬದಲು ಸೋಡಿಯಂ ಬರುತ್ತದೆ ಅಷ್ಟೇ. ನಿಮಗಿರುವ ಅಗ್ಗದ ಕಡಿಮೆ ಟಿಡಿಎಸ್ ನೀರು ಚರಂಡಿಗೆ ಹೋಗುತ್ತಿರುವ ಆ ಕಂಡೆನ್ಸೇಟ್. ಸ್ಟೀಮ್‌ನ ಶೇ. 60 ಭಾಗ 90 ಡಿಗ್ರಿಯಲ್ಲಿ ವಾಪಸ್ ಬಂದರೆ ಬ್ಲೋಡೌನ್ 100 ಕೆಜಿ ಸ್ಟೀಮ್‌ಗೆ 34.6ರಿಂದ 13.8 ಕೆಜಿಗೆ ಇಳಿಯುತ್ತದೆ, ಫೀಡ್ ನೀರು 62 ಡಿಗ್ರಿಗೆ ಏರುತ್ತದೆ. ಎರಡೂ ಸೇರಿ 100 ಕೆಜಿ ಸ್ಟೀಮ್‌ಗೆ ಬೇಕಾದ ಶಾಖ 67,700ರಿಂದ 61,400 ಕಿಲೋ ಕ್ಯಾಲರಿಗೆ ಬರುತ್ತದೆ. ಶೇ. 9 ಹೊಟ್ಟು ಉಳಿತಾಯ, ಬರೀ ಪೈಪ್, ಟ್ಯಾಂಕ್, ಪಂಪ್ ಖರ್ಚಿನಲ್ಲಿ. ಆರ್‌ಒ ವಿಚಾರ ಇದಾದ ಮೇಲೆ ನೋಡಿ.

ಇನ್ನೊಂದು. 2 ಟನ್ ಎಂಬ ರೇಟಿಂಗ್ 100 ಡಿಗ್ರಿ ನೀರನ್ನು 100 ಡಿಗ್ರಿ ಸ್ಟೀಮ್ ಮಾಡುವ ಲೆಕ್ಕದ್ದು. 32 ಡಿಗ್ರಿ ನೀರು, 7 ಕೆಜಿ ಒತ್ತಡಕ್ಕೆ ನಿಮಗೆ ಸಿಗುವುದು ಹೆಚ್ಚೆಂದರೆ 1,715 ಕೆಜಿ. ಫೀಡ್ ಬಿಸಿಯಾದಷ್ಟೂ ಅದೂ ಏರುತ್ತದೆ.

ಕಾರಟಗಿ_ಮಿಲ್

ಸ್ಮೋಕ್ ಬಾಕ್ಸ್‌ನಲ್ಲಿ ಅಳೆಸಿದೆ: ಆಮ್ಲಜನಕ 12, ತಾಪ 295. ಬ್ಲೋಡೌನ್ ಪೈಪ್ ಮುಟ್ಟಲಾಗದಷ್ಟು ಬಿಸಿ ಇದೆ, ವಾಲ್ವ್ ಬಿಚ್ಚಿಸುತ್ತೇನೆ. ಕಂಡೆನ್ಸೇಟ್ ಟಿಡಿಎಸ್ 60. ಡ್ರೈಯರ್‌ನ ಆರು ಕಾಯಿಲ್‌ಗಳಿಗೆ ಸೇರಿ ಒಂದೇ ಥರ್ಮೋಡೈನಮಿಕ್ ಟ್ರ್ಯಾಪ್ (ಸ್ಟೀಮ್ ತಡೆದು ನೀರನ್ನಷ್ಟೇ ಹೊರಬಿಡುವ ವಾಲ್ವ್) ಇದೆ. ವಾಪಸ್ ತರುವಾಗ ಅದನ್ನೇ ಇಟ್ಟುಕೊಳ್ಳಬಹುದೇ? ಬಿಸಿ ನೀರಿಗೆ ಫೀಡ್ ಪಂಪ್ ತಾಳುತ್ತದೆಯೇ?

ಕಂಡೆನ್ಸೇಟ್_ಲೈನ್

ಆ ಟ್ರ್ಯಾಪ್ ತೆಗೆಯಿರಿ. ಆರು ಕಾಯಿಲ್‌ಗೆ ಒಂದೇ ಟ್ರ್ಯಾಪ್ ಇದ್ದರೆ ತಣ್ಣನೆ ಗಾಳಿ ಮೊದಲು ತಾಗುವ ಕಾಯಿಲ್ ಹೆಚ್ಚು ಸ್ಟೀಮ್ ಕುಡಿಯುತ್ತದೆ, ಅದರ ಕೊನೆಯಲ್ಲಿ ಒತ್ತಡ ಉಳಿದವುಗಳಿಗಿಂತ ಕಡಿಮೆಯಾಗುತ್ತದೆ, ಪಕ್ಕದ ಕಾಯಿಲ್‌ನ ಸ್ಟೀಮ್ ಟ್ರ್ಯಾಪ್ ಬಾಯಿ ಹಿಡಿದು ಇದರ ನೀರನ್ನು ಹೊರಗೆ ಬಿಡುವುದಿಲ್ಲ. ಕಾಯಿಲ್ ಅರ್ಧ ನೀರು ತುಂಬಿ ಕೂತಿರುತ್ತದೆ, ಭತ್ತ ಒಣಗಲು ಹೊತ್ತು ಹಿಡಿಯುತ್ತದೆ. ಕಾಯಿಲ್‌ಗೊಂದರಂತೆ ಬಾಲ್ ಫ್ಲೋಟ್ ಟ್ರ್ಯಾಪ್, ಒಳಗೇ ಏರ್ ವೆಂಟ್ ಇರುವಂಥದ್ದು, ಮುಂದೆ ಸ್ಟ್ರೈನರ್. ಟ್ರ್ಯಾಪ್ ಕಾಯಿಲ್‌ನ ಬಾಯಿಗಿಂತ ಕನಿಷ್ಠ 300 ಮಿಮೀ ಕೆಳಗಿರಲಿ. ಟ್ರ್ಯಾಪ್ ಆದ ಮೇಲೆ ಪೈಪನ್ನು ನೇರ ಮೇಲಕ್ಕೆ ಒಯ್ಯಬೇಡಿ. ಲೋಡ್ ಕಡಿಮೆಯಾಗಿ ಕಾಯಿಲ್ ಒತ್ತಡ ಇಳಿದಾಗ ನೀರನ್ನು ಎತ್ತುವ ಶಕ್ತಿ ಇರುವುದಿಲ್ಲ. ಇಳಿಜಾರಿನಲ್ಲಿ ಕೆಳಗಿನ ತೆರೆದ ವೆಂಟ್‌ನ ರಿಸೀವರ್‌ಗೆ ಬಿಟ್ಟು, ಅಲ್ಲಿಂದ ಪಂಪ್ ಮಾಡಿ.

ವೆಂಟ್‌ನಲ್ಲಿ ಸ್ವಲ್ಪ ಹಬೆ ಸಹಜ. 4 ಕೆಜಿ ಒತ್ತಡದ ಕಂಡೆನ್ಸೇಟ್ ಹೊರಗಿನ ಒತ್ತಡಕ್ಕೆ ಬಂದಾಗ ಶೇ. 9–10 ಮತ್ತೆ ಹಬೆಯಾಗುತ್ತದೆ. ವೆಂಟ್ ಸದ್ದು ಮಾಡುತ್ತ ಕಾರಿದರೆ ಮಾತ್ರ ಯಾವುದೋ ಟ್ರ್ಯಾಪ್ ತೆರೆದೇ ನಿಂತಿದೆ ಎಂದರ್ಥ.

62 ಡಿಗ್ರಿಗೆ ಪಂಪ್ ತಾಳುತ್ತದೆ, ಆದರೆ ನೆಲದ ಟ್ಯಾಂಕ್‌ನಿಂದ ಎಳೆಯುವಂತಿದ್ದರೆ ಕ್ಯಾವಿಟೇಶನ್ (ನೀರಿನಲ್ಲಿ ಹಬೆಯ ಗುಳ್ಳೆ ಎದ್ದು ಒಡೆಯುವುದು) ಆಗಿ ಇಂಪೆಲ್ಲರ್ ಸವೆಯುತ್ತದೆ. ಫೀಡ್ ಟ್ಯಾಂಕ್‌ನ ತಳ ಪಂಪ್‌ಗಿಂತ 2.5ರಿಂದ 3 ಮೀಟರ್ ಎತ್ತರದಲ್ಲಿರಲಿ, ಸಕ್ಷನ್ ಪೈಪ್ ಒಂದು ಸೈಜ್ ದೊಡ್ಡದಿರಲಿ, ಮೊಣಕೈ ಕಡಿಮೆ. ಮೆಕ್ಯಾನಿಕಲ್ ಸೀಲ್ ಬಿಸಿ ನೀರಿಗೆ ಆಗುವುದೇ ಎಂದು ಕೇಳಿ. ಟ್ಯಾಂಕ್‌ಗೆ ಮುಚ್ಚಳ ಹಾಗೂ ಇನ್ಸುಲೇಶನ್ ಮರೆಯಬೇಡಿ. ಅದೇ ಓಡಾಟದಲ್ಲಿ ಸ್ಟೀಮ್ ಪೈಪ್‌ಗಳನ್ನೂ ನೋಡಿ: ಬರಿಮೈಯ 100 ಮಿಮೀ ಪೈಪ್ ಮೀಟರ್‌ಗೆ ಸುಮಾರು 700 ವ್ಯಾಟ್ ಕಳೆಯುತ್ತದೆ.

ಕುಚ್ಚಲಕ್ಕಿ_ಕರಾವಳಿ

ನಮ್ಮ ಕಡೆ ಲ್ಯಾಟರೈಟ್ ಬಾವಿ ನೀರು, ಉಪ್ಪು ಬಹಳ ಕಡಿಮೆ, ಬ್ಲೋಡೌನ್ ತಲೆನೋವೇ ಇಲ್ಲ. ಆದರೆ ಪಿಎಚ್ 6ರ ಆಸುಪಾಸು, ಟ್ಯೂಬ್‌ಗಳಿಗೆ ಗುಳಿ ಬೀಳುತ್ತದೆ. ಕಂಡೆನ್ಸೇಟ್ ವಾಪಸ್ ತಂದ ಮೇಲೆ ನೀವೂ ಪಿಎಚ್ ನೋಡುತ್ತಿರಿ, ಫೀಡ್‌ನಲ್ಲಿ 8.5ರಿಂದ 9.5 ಬೇಕು.

ಎಕನಾಮೈಸರ್ ಬಗ್ಗೆ ಎರಡು ಮಾತು. ಹೊಟ್ಟಿನ ಬೂದಿ ಬಹುಪಾಲು ಸಿಲಿಕಾ. ಫಿನ್ ಟ್ಯೂಬ್ ಸಂದುಗಳಲ್ಲಿ ಕಟ್ಟಿಕೊಳ್ಳುತ್ತದೆ, ವೇಗ ಹೆಚ್ಚಿದ್ದರೆ ಲೋಹ ಉಜ್ಜಿ ಹಾಕುತ್ತದೆ. 32 ಡಿಗ್ರಿ ನೀರು ಬಿಟ್ಟರಂತೂ ಹೊಗೆಯ ತೇವ ಟ್ಯೂಬ್ ಮೇಲೆ ಬೆವರಾಗಿ, ಬೂದಿ ಗಾರೆಯಂತೆ ಅಂಟುತ್ತದೆ. ಫೀಡ್ 60 ದಾಟದೆ ಎಕನಾಮೈಸರ್ ಮಾತೇ ಬೇಡ. ಅದು ಒತ್ತಡದ ಭಾಗವಾದ್ದರಿಂದ ಐಬಿಆರ್ (ಭಾರತೀಯ ಬಾಯ್ಲರ್ ನಿಯಮಾವಳಿ) ಪ್ರಕಾರ ಬಾಯ್ಲರ್ ಇಲಾಖೆಯ ಒಪ್ಪಿಗೆಯೂ ಬೇಕು. ಅದೇ ಹೊಗೆಯಿಂದ ಗಾಳಿ ಕಾಯಿಸುವ ಏರ್ ಪ್ರೀಹೀಟರ್‌ಗೆ ಆ ಗೊಡವೆ ಇಲ್ಲ. ಹೊಗೆ ಟ್ಯೂಬ್ ಒಳಗೆ, ಗಾಳಿ ಹೊರಗೆ, ಟ್ಯೂಬ್ ನೆಟ್ಟಗೆ ನಿಂತಿದ್ದರೆ ಬ್ರಶ್ ಹಾಕುವುದೂ ಸುಲಭ. 120 ಡಿಗ್ರಿಯ ಗಾಳಿ ಗ್ರೇಟ್ ಕೆಳಗೆ ಹೋದರೆ ಕಪ್ಪು ಬೂದಿಯೂ ಕಡಿಮೆಯಾಗುತ್ತದೆ. ನಿಮ್ಮ ಥರದ ಫರ್ನೇಸ್‌ಗೆ ನನ್ನ ಒಲವು ಇದರ ಕಡೆಗೇ.

ಹೊಗೆ_ಲೆಕ್ಕ

12 ಮತ್ತು 295 ಅಂದರೆ ಗಾಳಿ ಬಹುತೇಕ ಫರ್ನೇಸ್ ಕಡೆಯಿಂದಲೇ ಬರುತ್ತಿದೆ, ಮುಚ್ಚಿದರೆ ಫಲ ಸಿಗುತ್ತದೆ. ಏರ್ ಪ್ರೀಹೀಟರ್ ಮಾತು ಒಪ್ಪುತ್ತೇನೆ, ಆದರೆ ಗ್ರೇಟ್ ಬಾರ್‌ಗಳು ಎರಕದ ಕಬ್ಬಿಣವಾದರೆ ಗಾಳಿ 150 ದಾಟಿಸಬೇಡಿ.

295 ಮಾತ್ರ ಬೇರೆಯೇ ಒಂದು ಸುಳಿವು ಕೊಡುತ್ತದೆ. 7 ಕೆಜಿಯಲ್ಲಿ ಸ್ಟೀಮ್ 170 ಡಿಗ್ರಿ. ಶುದ್ಧ ಮೂರು ಪಾಸ್ ಬಾಯ್ಲರ್‌ನಲ್ಲಿ ಹೊಗೆ ಅದಕ್ಕಿಂತ 50ರಿಂದ 70 ಡಿಗ್ರಿ ಮೇಲಿರಬೇಕು. ನಿಮ್ಮದು 125 ಮೇಲಿದೆ. ಸ್ವಲ್ಪ ಭಾಗ ಹೆಚ್ಚುವರಿ ಗಾಳಿಯದ್ದು, ಉಳಿದದ್ದು ಟ್ಯೂಬ್ ಕೊಳೆ. ಬಾಯ್ಲರ್ ಆರಿಸಿ ಎಲ್ಲ ಟ್ಯೂಬ್‌ಗೂ ಬ್ರಶ್ ಹೊಡೆಸಿ, ಎರಡನೇ ಪಾಸ್‌ನ ಕೆಳಗಿನ ಸಾಲಿಗೆ ಜಾಸ್ತಿ ಗಮನ ಕೊಡಿ, ಬೂದಿ ಕೂರುವುದು ಅಲ್ಲೇ. ಮತ್ತೆ ಅದೇ ಲೋಡ್, ಅದೇ ಆಮ್ಲಜನಕದಲ್ಲಿ ತಾಪ ಬರೆದುಕೊಳ್ಳಿ. 230–240ಕ್ಕೆ ಇಳಿದರೆ ಮಸಿಯಷ್ಟೇ. ಅಲ್ಲಿಂದ ಮುಂದೆ 20 ಡಿಗ್ರಿ ಏರಿದಾಗಲೆಲ್ಲ ಬ್ರಶ್. ಇಳಿಯದೇ ಹೋದರೆ ನೀರಿನ ಕಡೆ ಸ್ಕೇಲ್ (ನೀರಿನಿಂದ ಕಟ್ಟಿಕೊಂಡ ಗಟ್ಟಿ ಪದರ) ಇದೆ. ಸಾಫ್ಟನರ್ ಯಾವಾಗಲೋ ರೀಜನರೇಶನ್ (ಉಪ್ಪುನೀರು ಹಾಯಿಸಿ ಮತ್ತೆ ಸಿದ್ಧ ಮಾಡುವುದು) ತಪ್ಪಿ ಗಡಸು ನೀರು ಒಳಗೆ ಹೋಗಿರುತ್ತದೆ. ಮ್ಯಾನ್‌ಹೋಲ್ ತೆಗೆಸಿ ಮೇಲಿನ ಟ್ಯೂಬ್‌ಗಳನ್ನು ಟಾರ್ಚ್ ಹಾಕಿ ನೋಡಿ, ಆಸಿಡ್ ಹಾಕುವ ಮೊದಲು ಒಂದು ಚೂರು ಕೆರೆದು ಲ್ಯಾಬ್‌ಗೆ ಕಳಿಸಿ: ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಇನ್ಹಿಬಿಟರ್ (ಲೋಹ ಕೊರೆಯದಂತೆ ತಡೆಯುವ ರಾಸಾಯನಿಕ) ಸೇರಿಸಿದ ಹೈಡ್ರೋಕ್ಲೋರಿಕ್ ಆಸಿಡ್‌ಗೆ ಬಿಡುತ್ತದೆ, ಸಿಲಿಕಾ ಆದರೆ ಅದಕ್ಕೆ ಜಗ್ಗುವುದಿಲ್ಲ.