ಪದಚರ್ಚೆ: ‘ಇಂಪೆಲ್ಲರ್ ಹೋಗೇತಿ’ ಅಂದರೆ ಹರಿದದ್ದೋ, ಸುಟ್ಟದ್ದೋ, ಬಿಟ್ಟದ್ದೋ?

ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಪಂಪ್‌ಸೆಟ್ ಬಿಚ್ಚುವವರು ‘ಇಂಪೆಲ್ಲರ್ ಹೋಗೇತಿ’ ಅಂದರೆ ಹೊಸದು ತರಬೇಕು ಎಂದರ್ಥ. ಇಂಪೆಲ್ಲರ್ ಎಂದರೆ ಪಂಪಿನೊಳಗೆ ತಿರುಗುತ್ತ ನೀರನ್ನು ದೂಡುವ ಚಕ್ರ. ಬಾವಿಯ ಮೋಟರಿಗೆ ಆ ಮಾತು ಸಾಕು. ದೋಣಿಯ ಎಂಜಿನ್ನಿಗೆ ಸಾಲದು. ವ್ಯಾಕರಣದ ಪ್ರಕಾರ ‘ಹೋಗು’ ಇಲ್ಲಿ ಸಹಾಯಕ ಕ್ರಿಯಾಪದ. ಹರಿದು ಹೋಯಿತೋ, ಸುಟ್ಟು ಹೋಯಿತೋ, ಸವೆದು ಹೋಯಿತೋ ಎಂಬ ಮುಖ್ಯ ಕ್ರಿಯಾಪದ ಉದುರಿಬಿಟ್ಟಿದೆ. ಎಂಜಿನ್ ತಂಪು ಮಾಡುವ ಪಂಪಿನ ಇಂಪೆಲ್ಲರ್ ಮೇಲಿಂದ ಮೇಲೆ ಕೆಡುತ್ತಿದ್ದರೆ ಕಾರಣ ಇರುವುದು ಆ ಉದುರಿದ ಪದದಲ್ಲೇ. ಕನ್ನಡದ ಸೂಚನಾಪತ್ರಗಳಲ್ಲಿ ಅದನ್ನು ಮತ್ತೆ ಕೂರಿಸಬೇಕು ಎಂಬುದು ನನ್ನ ವಾದ.

ಮೊದಲು ವಸ್ತುವಿನ ವಿಚಾರ. ಬಾವಿ ಪಂಪಿನ ಇಂಪೆಲ್ಲರ್ ಲೋಹದ್ದು ಇಲ್ಲವೇ ಗಟ್ಟಿ ಪ್ಲಾಸ್ಟಿಕ್ಕಿನದು, ಗೋಡೆಗೆ ತಾಗದೆ ತಿರುಗುತ್ತದೆ. ದೋಣಿಯದು ಮೆತ್ತನೆಯ ರಬ್ಬರು, ಸಾಮಾನ್ಯವಾಗಿ ನಿಯೋಪ್ರೀನ್. ಪಂಪಿನ ಒಳಗೋಡೆ ಒಂದು ಕಡೆ ಉಬ್ಬಿರುತ್ತದೆ. ಆ ಉಬ್ಬಿಗೆ ಬಂದಾಗ ರಬ್ಬರಿನ ತೋಳುಗಳು ಬಾಗಿ, ದಾಟಿದ ಮೇಲೆ ಮತ್ತೆ ನೆಟ್ಟಗಾಗುತ್ತವೆ. ನೆಟ್ಟಗಾಗುವಾಗ ನೀರು ಎಳೆದುಕೊಳ್ಳುತ್ತವೆ, ಬಾಗುವಾಗ ಹೊರದೂಡುತ್ತವೆ. ಎಡೆಬಿಡದೆ ಗೋಡೆಗೆ ಉಜ್ಜುವ ಈ ರಬ್ಬರಿಗೆ ಜಾರುವಿಕೆ ಕೊಡುವುದೂ ಅದೇ ನೀರು.

ಈ ತೋಳಿಗೆ ಏನನ್ನಬೇಕು? ‘ರೆಕ್ಕೆ’ ಎಂದೇ ಎಲ್ಲರೂ ಬರೆಯುತ್ತಾರೆ. ಆದರೆ ಫ್ಯಾನಿನ ರೆಕ್ಕೆ ಬಾಗಿದರೆ ಅದು ಕೆಟ್ಟಂತೆ; ಇದು ಬಾಗಿದರೇ ಕೆಲಸ ಮಾಡುವುದು. ನಮ್ಮ ಕಡೆಯ ‘ಪಕಳಿ’ ನನಗೆ ಹೆಚ್ಚು ಹೊಂದುವಂತೆ ಕಾಣುತ್ತದೆ. ಕೈಗೆ ತೆಗೆದುಕೊಂಡರೆ ಅದು ಹೂವಿನಂತೆಯೇ ಇರುತ್ತದೆ: ನಡುವೆ ಶಾಫ್ಟಿನ (ತಿರುಗುವ ದಂಡದ) ಮೇಲೆ ಕೂರುವ ಹಿತ್ತಾಳೆಯ ಬುಷ್, ಸುತ್ತ ತುದಿ ದುಂಡಗಿರುವ ಪಕಳಿಗಳು. ‘ಪಂಖಾ’ ಮಾತ್ರ ಬೇಡ. ನೀರಿನಲ್ಲಿ ದೋಣಿಯನ್ನು ತಳ್ಳುವ ಪ್ರೊಪೆಲ್ಲರಿಗೂ ಅದೇ ಹೆಸರು ಬಳಕೆಯಲ್ಲಿದೆ, ತಪ್ಪು ಭಾಗ ತರಿಸಿಕೊಳ್ಳಲು ಅಷ್ಟು ಸಾಕು.

ಇನ್ನು ಕ್ರಿಯಾಪದಗಳು. ಪಕಳಿಯ ತುದಿ ಕಪ್ಪಗೆ ಮಿರುಗುತ್ತ ಗಟ್ಟಿಯಾಗಿದ್ದರೆ ಅದು ಸುಟ್ಟದ್ದು, ಅಂದರೆ ಪಂಪು ಒಣಗಿದಂತೆ ಓಡಿದೆ. ಅರ್ಧ ನಿಮಿಷ ಓಡಿದರೂ ಸಾಕು ಕೆಡಲು. ನೀರೆಳೆಯುವ ಕವಾಟ ಮುಚ್ಚಿದ್ದೀತು, ನೀರು ಸೋಸುವ ಜಾಳಿಗೆಯಲ್ಲಿ ಕೆರೆಯ ಜೊಂಡು ಕಟ್ಟಿದ್ದೀತು. ಎರಡೂ ಸರಿಯಿದ್ದರೆ ಜಾಳಿಗೆಯ ಮುಚ್ಚಳದ ಓ-ರಿಂಗ್ (ಸೋರದಂತೆ ಹಾಕುವ ರಬ್ಬರಿನ ಬಳೆ) ನೋಡಿ: ಅಲ್ಲಿ ನೀರು ಸೋರುವುದು ಕಾಣದಿದ್ದರೂ ಗಾಳಿ ಒಳಗೆ ಎಳೆಯುತ್ತಿರುತ್ತದೆ.

ಪಕಳಿಯ ಪಕ್ಕದ ಅಂಚು ತೆಳ್ಳಗಾಗಿದ್ದರೆ ಅದು ಸವೆದದ್ದು. ಮಳೆಗಾಲದಲ್ಲಿ ವರದಾ, ತುಂಗಭದ್ರೆಗೆ ಹೊಸ ನೀರು ಬಂದಾಗ ಇರುವಂಥ ಮಣ್ಣುಮರಳಿನ ನೀರು ಇದಕ್ಕೆ ಕಾರಣ. ಪಂಪಿನ ಮುಚ್ಚಳದ ಒಳಮೈಯನ್ನು ಉಗುರಿನಿಂದ ಸವರಿ. ಗೀರು ಉಗುರಿಗೆ ಸಿಕ್ಕರೆ ಮುಚ್ಚಳವನ್ನೂ ಬದಲಿಸಬೇಕು. ಇಲ್ಲವಾದರೆ ಹೊಸ ಇಂಪೆಲ್ಲರೂ ಹಾಗೇ ಸವೆಯುತ್ತದೆ. ತಿಂಗಳುಗಟ್ಟಲೆ ನಿಂತ ಎಂಜಿನ್ನಿನಲ್ಲಿ ಪಕಳಿ ಬಾಗಿದ ಹಾಗೇ ಉಳಿದಿದ್ದರೆ ಅದು ‘ಮಡಿಚಿ ಕುಂತೇತಿ’. ಡೀಸೆಲ್ ಅಥವಾ ಗ್ರೀಸ್ ತಾಗಿದ ನಿಯೋಪ್ರೀನ್ ಉಬ್ಬುತ್ತದೆ. ಆದ್ದರಿಂದ ಕೂರಿಸುವಾಗ ಸವರಬೇಕಾದದ್ದು ಗ್ಲಿಸರಿನ್ ಅಥವಾ ಸಾಬೂನಿನ ನೀರು. ಪಕಳಿಗಳು ತಿರುಗುವ ದಿಕ್ಕಿಗೆ ವಿರುದ್ಧವಾಗಿ, ಹಿಂದಕ್ಕೆ ಬಾಗಿರಬೇಕು.

ಹೆಚ್ಚು ಗೊಂದಲ ಆಗುವುದು ‘ಹರಿ’ಯಲ್ಲಿ. ರಬ್ಬರು ಮುರಿಯುವುದಿಲ್ಲ, ಹರಿಯುತ್ತದೆ, ನೀರೂ ಹರಿಯುತ್ತದೆ. ಹಳಗನ್ನಡದಲ್ಲಿ ಇವು ಬೇರೆ ಬೇರೆ: ನೀರಿನದು ‘ಪರಿ’, ತುಂಡಾಗುವುದು ಶಕಟರೇಫದ (ಹಳೆಯ ‘ಱ’ ಅಕ್ಷರದ) ‘ಪಱಿ’. ಪಕಾರ ಹಕಾರವಾಗಿ, ಶಕಟರೇಫ ಬಿದ್ದುಹೋಗಿ ಎರಡೂ ‘ಹರಿ’ಯಾದವು. ‘ಪಂಪಿನಲ್ಲಿ ಹರಿದಿದೆಯೇ ನೋಡಿ’ ಎಂದು ಬರೆದರೆ ಓದುವವನು ಯಾವುದನ್ನು ನೋಡಬೇಕು? ‘ಪಕಳಿ ಬುಡದಿಂದ ಕಿತ್ತಿದೆಯೇ’ ಎಂದು ಬರೆಯುವುದು ಮೇಲು. ಒಂದೆರಡೇ ಕಿತ್ತಿದ್ದರೆ ಕಲ್ಲುಕಡ್ಡಿ ಸಿಕ್ಕಿರಬಹುದು. ಎಲ್ಲವೂ ಬುಡದಲ್ಲೇ ಬಿರುಕು ಬಿಟ್ಟಿದ್ದರೆ ರಬ್ಬರಿಗೆ ವಯಸ್ಸಾಗಿದೆ, ಇಲ್ಲವೇ ನೀರು ಮುಂದೆ ಹೋಗುವ ದಾರಿ ಕಟ್ಟಿಕೊಂಡು ಪಂಪಿನ ಮೇಲೆ ಒತ್ತಡ ಬೀಳುತ್ತಿದೆ.

ಕಿತ್ತ ಚೂರುಗಳನ್ನು ಬಿಳಿ ಬಟ್ಟೆಯ ಮೇಲೆ ಹರಡಿ ಹಳೆಯ ಇಂಪೆಲ್ಲರಿಗೆ ಜೋಡಿಸಿ ನೋಡಬೇಕು. ಒಂದು ಚೂರು ಕಡಿಮೆ ಬಿದ್ದರೂ ಅದು ನೀರಿನ ಜೊತೆ ಮುಂದೆ ಹೋಗಿದೆ, ಹೆಚ್ಚಾಗಿ ಹೀಟ್ ಎಕ್ಸ್‌ಚೇಂಜರಿನ (ಎಂಜಿನ್ನಿನ ಬಿಸಿಯನ್ನು ನೀರಿಗೆ ದಾಟಿಸುವ ಭಾಗದ) ಬಾಯಲ್ಲಿ ಸಿಕ್ಕಿರುತ್ತದೆ. ಪೈಪು ಬಿಚ್ಚಿ, ಹಿಮ್ಮುಖವಾಗಿ ನೀರು ಬಿಟ್ಟು ತೆಗೆಯದೆ ಹೊಸದನ್ನು ಹಾಕಿದರೆ ಮತ್ತೆ ಅದೇ ಒತ್ತಡ. ಇಂಪೆಲ್ಲರ್ ಪದೇ ಪದೇ ಕೆಡುವ ಕಡೆ ನಾನು ಮೊದಲು ಕೇಳುವುದೇ ಚೂರು ಎಣಿಸಿದಿರಾ ಎಂದು.

ಕೊನೆಯದು ‘ಬಿಡು’. ಪಕಳಿಗಳೆಲ್ಲ ಹೊಸದರಂತೆ ಇರುತ್ತವೆ, ಆದರೆ ನೀರು ‘ಬರವಲ್ದು’. ಹಿತ್ತಾಳೆ ಬುಷ್ಷಿಗೂ ರಬ್ಬರಿಗೂ ಇದ್ದ ಅಂಟು ಬಿಟ್ಟಿರುತ್ತದೆ; ಶಾಫ್ಟಿನ ಜೊತೆ ಬುಷ್ ತಿರುಗಿದರೂ ರಬ್ಬರು ನಿಂತಲ್ಲೇ ನಿಲ್ಲುತ್ತದೆ. ಬುಷ್ಷಿನಿಂದ ರಬ್ಬರಿನ ಮೇಲೆ ಬಣ್ಣದ ಒಂದು ಗೆರೆ ಎಳೆದು ಓಡಿಸಿ, ಬಿಚ್ಚಿ ನೋಡಿದರೆ ಗೆರೆ ಎರಡಾಗಿರುತ್ತದೆ. ‘ಸಡಿಲು’ ಎಂದರೆ ಶಾಫ್ಟಿನ ಮೇಲೆ ಸಡಿಲ ಎಂದುಕೊಂಡು ಬುಷ್ಷನ್ನು ಶಾಫ್ಟಿಗೆ ಹಿಡಿಸುವ ಕೀಲಿ ಬದಲಿಸಿ ಸುಮ್ಮನಾಗುವ ಅಪಾಯವಿದೆ.

ಈ ‘ಅಂಟು ಬಿಡುವುದಕ್ಕೆ’ ಒಂದೇ ಪದ ನಿಮ್ಮ ಕಡೆ ಇದೆಯೇ? ಚಕ್ಕಡಿಯ ಗಾಲಿಯಿಂದ ಕಬ್ಬಿಣದ ಪಟ್ಟಿ ಸಡಿಲಾಗಿ ಸುತ್ತುವಾಗ ಹಾವೇರಿ, ಗದಗಿನ ಬಡಿಗರು, ಕಮ್ಮಾರರು ಏನೆನ್ನುತ್ತಾರೆ? ಆ ಮಾತು ಇಲ್ಲಿಗೂ ಹೊಂದಬಹುದು. ಕರಾವಳಿಯ ದೋಣಿಯವರು ರಬ್ಬರಿನ ಈ ತೋಳಿಗೆ ಪಕಳಿ, ಎಸಳು, ಎಲೆ ಇವುಗಳಲ್ಲಿ ಯಾವುದನ್ನು ಹೇಳುತ್ತಾರೆ ಎಂಬುದೂ ಬೇಕಾಗಿದೆ.